ಯಾವ ಲೈಟ್ ಅಂತ ಆಮ್ಯಾಲೆ, ಮೊದ್ಲ ರಿಲೇ ಐತೇನಂತ ಕೇಳ್ರಿ

ಗಾಡಿ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ರ

ದೀಪಾವಳಿ ಮುಗದು ಚಳಿ ಬೀಳೂದ ತಡ, ಬಂದ ಪತ್ರದಾಗ ಅರ್ಧಕ್ಕರ್ಧ ಫಾಗ್ ಲೈಟಿಂದ (ಮಂಜಿನ್ಯಾಗ ರಸ್ತೆ ಕಾಣ್ಲಿ ಅಂತ ಬಂಪರಿನ್ಯಾಗ ಕೂಡಸೂ ಲೈಟು) ಪ್ರಶ್ನೆ. ಬೇಸ್ ಮಾಡೆಲ್ (ಎಲ್ಲಾದಕ್ಕಿಂತ ಕಡಿಮಿ ರೇಟಿನ ಗಾಡಿ) ತಗೊಂಡು ಉಳದದ್ದನ್ನ ಹೊರಗ ಹಾಕಿಸಿಕೊಂಡ್ರಾತು ಅನ್ನಾವ್ರ ಭಾಳ ಮಂದಿ, ನಾನೂ ಅದ ಮಂದ್ಯಾಗಿನಾವನ, ಹಿಂಗಾಗಿ ಈ ಸಲ ಬ್ಯಾರೆ ಏನೂ ತಗೊಂಡಿಲ್ಲ, ಪೂರಾ ಎಕ್ಸ್‌ಟ್ರಾ ಫಿಟ್ಟಿಂಗ್ ಪುರಾಣನ.

ಸರ, ದಿನಾ ನಸುಕಿನ್ಯಾಗ 5 ಗಂಟೆಕ್ಕ ಧಾರವಾಡ ಬಿಟ್ಟು ಹಳಿಯಾಳ ಕಡೆ ಡ್ಯೂಟಿಗೆ ಹೋಗ್ತೇನಿ. ಡಿಸೆಂಬರ್ ಜನವರಿದಾಗ ಹೊಲದಾಗಿನ ಮಂಜೆಲ್ಲಾ ರಸ್ತೆ ಮ್ಯಾಲೆ ಬಂದು ಕುಂತಿರ್ತೈತಿ. ನಂದು ಬೇಸ್ ಮಾಡೆಲ್, ಬಂಪರಿನ್ಯಾಗ ಫಾಗ್ ಲೈಟಿನ ಜಾಗ ಐತಿ ಆದ್ರ ಪ್ಲಾಸ್ಟಿಕ್ ಮುಚ್ಚಳ ಬಡದಾರ. ಶೋರೂಮಿನ್ಯಾಗ ಕಂಪನಿ ಕಿಟ್‌ಗೆ 7 ಸಾವಿರ ಅಂದ್ರು, ಹೊರಗ ಒಬ್ರು 2 ಸಾವಿರದಾಗ ಅರ್ಧಾ ತಾಸಿನ್ಯಾಗ ಕೂಡಿಸಿ ಕೊಡ್ತೇನಿ ಅಂತಾರ. ಏನ್ ಮಾಡ್ಲಿ? (ಒಬ್ಬ ಓದುಗ, ಧಾರವಾಡ)

ಅರ್ಧಾ ತಾಸು ಅಂದ್ರಲ್ಲ, ಅಲ್ಲೇ ನಿಂದರ್ರಿ. ಬಂಪರ್ ಬಿಚ್ಚಿ ಕ್ಲಿಪ್ ಮುರೀದಂಗ ತಿರುಗಿ ಕೂಡಸಾಕ ಅರ್ಧಾ ತಾಸು ಬೇಕು, ಮತ್ತ ವಾಯರ್ ಎಳಿಯೂದು ಯಾವಾಗ? ಅರ್ಧಾ ತಾಸಿನ್ಯಾಗ ಮುಗಸಾವ್ರು ಮಾಡೂದು ಒಂದ, ಹೆಡ್‌ಲೈಟಿಗೆ ಹೋಗೂ ವಾಯರ್ ಸುಲದು ಅದಕ್ಕ ಫಾಗ್ ಲೈಟಿನ ವಾಯರ್ ತಿರುವಿ ಮ್ಯಾಲೆ ಕರೀ ಟೇಪ್ ಸುತ್ತಿ ಕಳಸೂದು.

ನಂದ ಕತಿ ಹೇಳ್ತೇನಿ ಕೇಳ್ರಿ. ನನ್ನ ಮೊದಲ್ನೇ ಗಾಡಿ ಸೆಕೆಂಡ್ ಹ್ಯಾಂಡು, ಒಂದ್ ಅಂಗಡಿಯಾಗ (ಹೆಸರ್ಯಾಕ ಬಿಡ್ರಿ) ಹಿಂಗ ಹಾಕಿಸಿದ್ನಿ, ಒಂದ್ ತಿಂಗಳು ಚೊಲೋ ಹತ್ತಿದ್ವು, ಮಂದಿಗೆ ತೋರಿಸಿದ್ದ ತೋರಿಸಿದ್ದು. ಮಳಿಗಾಲದಾಗ ಒಂದಿನ ಅಂಕೋಲಾ ಕಡೆಯಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ ದಾಟಿ ಬರಾಕತ್ತಿದ್ನಿ, ಘಾಟಿನ್ಯಾಗ ಮಂಜು ಅಂತ ಎರಡ್ ತಾಸಿಂದ ಎಲ್ಲಾ ಲೈಟ್ ಹಚ್ಚಿ ಬಿಟ್ಟಿದ್ನಿ, ಕಲಘಟಗಿ ಇನ್ನೂ ಒಂದೀಟು ದೂರ ಇರಬೇಕಾದ್ರ ಹೋಳಿಹುಣ್ಣಿವಿಗೆ ಟಾಯರ್ ಸುಟ್ಟಂಥಾ ವಾಸನಿ ಬಂತು. ಮುಂದಿನ ಲಾರಿದು ಇರಬೇಕು ಅನ್ಕೊಂಡ್ನಿ. ಲಾರಿ ಹೋತು, ವಾಸನಿ ಹೋಗ್ಲಿಲ್ಲ, ಆಮ್ಯಾಲೆ ಎರಡೂ ಹೆಡ್‌ಲೈಟ್ ಒಮ್ಮೆಲೆ ಆರಿದ್ವು ನೋಡ್ರಿ. ಪಾರ್ಕಿಂಗ್ ಲೈಟ್ ಮ್ಯಾಲೆ ತೆವಳಿಕೋತ ಬಂದು ಮುಚ್ಚಿದ ಚಾದ ಅಂಗಡಿ ಮುಂದ ಗಾಡಿ ಹಚ್ಚಿ ಬೆಳಕು ಹರಿಯೂತನಕ ಕುಂತ್ನಿ. ಮುಂಜಾನೆ ಬಾನೆಟ್ ತಗದು ನೋಡಿದ್ರ ಜಾಯಿಂಟಿನ ಟೇಪು ಬೆಲ್ಲದ ಪಾಕ ಇಳದಂಗ ಇಳದಿತ್ತು, ಕೈಗೆ ಅಂಟತಿತ್ತು, ಒಳಗ ತಾಮ್ರ ಕರ್ರಗಾಗಿ ಮುಟ್ಟಿದ್ರ ಪುಡಿ ಪುಡಿ. ಫಾಗ್ ಲೈಟಿಗೆ ಎಳದ ವಾಯರ್ ಎಷ್ಟು ದಪ್ಪ ಅಂತೀರಿ, ಮೊಬೈಲ್ ಚಾರ್ಜರಿನ ವಾಯರಿಗಿಂತ ಸಣ್ಣದು!

ಲೆಕ್ಕ ಸಣ್ಣದೈತಿ. ಒಂದು ಹ್ಯಾಲೋಜನ್ (ತಂತಿ ಕಾದು ಬೆಳಗೂ ಥರದ್ದು) ಫಾಗ್ ಬಲ್ಬು 55 ವ್ಯಾಟ್ ಅಂದ್ರ ಜೋಡಿಗೆ 110, ಬ್ಯಾಟರಿ 12 ವೋಲ್ಟಿಂದು, ಭಾಗಿಸಿದ್ರ 9 ಆಂಪಿಯರ್ ಚಿಲ್ರೆ. ಕಂಪನಿಯಾವ್ರು ಹೆಡ್‌ಲೈಟಿನ ವಾಯರು, ಸ್ವಿಚ್ಚು, ಫ್ಯೂಜು ಎಲ್ಲಾ ಹೆಡ್‌ಲೈಟಿನ ಭಾರಕ್ಕ ಅಳದು ಹಾಕಿರ್ತಾರ, ಅದರ ಮ್ಯಾಲೆ ಇನ್ನೊಂದು 9 ಆಂಪಿಯರ್ ಹೇರಿದ್ರ ವಾಯರ್ ಕಾಯ್ತೈತಿ, ಕಾಯೂದು ಯಾವಾಗ್ಲೂ ಜಾಯಿಂಟಿಂದ ಚಾಲೂ ಆಗ್ತೈತಿ.

ಅದಕ್ಕ ರಿಲೇ ಬೇಕು. ರಿಲೇ ಅಂದ್ರ ಬೆಂಕಿಪೊಟ್ಣದಷ್ಟು ಡಬ್ಬಿ, ಕೆಳಗ 30, 85, 86, 87 ಅಂತ ನಂಬರ್ ಬರದ ನಾಕು ಕಾಲು. 30ಕ್ಕ ಬ್ಯಾಟರಿಯಿಂದ ಫ್ಯೂಜ್ ಮೂಲಕ ದಪ್ಪ ವಾಯರ್, 87ರಿಂದ ಲೈಟಿಗೆ, 85 ಮತ್ತ 86ರಾಗ ಒಂದು ಬಾಡಿ ಅರ್ಥಿಂಗಿಗೆ, ಇನ್ನೊಂದು ಸ್ವಿಚ್ಚಿಗೆ. ಸ್ವಿಚ್ಚು ಗೌಡಕಿ ಮಾಡ್ತೈತಿ, ಚೀಲ ಹೊರೂದು ರಿಲೇ. ಸ್ವಿಚ್ಚಿನ ವಾಯರಿನ್ಯಾಗ ಆಂಪಿಯರಿನ ಕಾಲು ಭಾಗನೂ ಹರಿಯೂದಿಲ್ಲ, ಕಾಯೂ ಪ್ರಶ್ನೆನ ಇಲ್ಲ. ಫ್ಯೂಜು 15 ಆಂಪಿಯರಿಂದು ಸಾಕು, ಅದು ಬ್ಯಾಟರಿಯಿಂದ ಒಂದು ಗೇಣಿನ ಒಳಗ ಇರಬೇಕು, ಲೈಟಿನ ಬಾಜೂಕ ಅಲ್ಲ. ಫ್ಯೂಜ್ ಕಾಯೂದು ವಾಯರನ್ನ, ಲೈಟನ್ನ ಅಲ್ಲರಿ, ಬ್ಯಾಟರಿಯಿಂದ ಫ್ಯೂಜಿನ ತನಕ ಇರೂ ವಾಯರಿಗೆ ಯಾರೂ ದಿಕ್ಕಿಲ್ಲ, ಅದಕ್ಕ ಅದು ಎಷ್ಟು ಗಿಡ್ಡ ಇದ್ರ ಅಷ್ಟು ಚೊಲೋ.

ಈಗ ನಿಮ್ಮ ಗಾಡಿಗೆ ಬರೂಣು. 7 ಸಾವಿರ ಕೊಡೂಕಿಂತ ಮೊದ್ಲ ಆ ಪ್ಲಾಸ್ಟಿಕ್ ಮುಚ್ಚಳದ ಹಿಂದ ಒಮ್ಮೆ ನೋಡಸ್ರಿ. ಭಾಳಷ್ಟು ಮಾಡೆಲ್‌ದಾಗ ಬೇಸಿಗೂ ಟಾಪಿಗೂ ವಾಯರಿಂಗ್ ಒಂದ ಇರ್ತೈತಿ, ಎರಡು ಥರಾ ಮಾಡೂದು ಕಂಪನಿಗೇ ತ್ರಾಸು, ಬಂಪರಿನ ಹಿಂದ ಫಾಗ್ ಲೈಟಿನ ಕಪ್ಲರ್ (ವಾಯರ್ ಚುಚ್ಚಿ ಕೂಡಸೂ ಪ್ಲಗ್) ಟೇಪ್ ಸುತ್ತಿ ಸುಮ್ಮ ಜೋತ ಬಿಟ್ಟಿರ್ತಾರ. ಅದು ಸಿಕ್ತಂದ್ರ ನಿಮ್ಮ ಪುಣ್ಯ, ಲೈಟು, ಅದರ ಸುತ್ತಿನ ಪ್ಲಾಸ್ಟಿಕ್ಕು, ಮತ್ತ ಸ್ಟೇರಿಂಗ್ ಬಾಜೂಕಿನ ಫಾಗ್ ಇರೂ ಲೈಟ್ ಕಡ್ಡಿ ಇಷ್ಟ ತಂದ್ರ ಮುಗೀತು, ಫ್ಯೂಜ್ ಡಬ್ಬಿಯಾಗ ಫ್ಯೂಜು ರಿಲೇ ಹಾಕಾಕ ಖಾಲಿ ಜಾಗನೂ ಇರ್ತಾವ. ಒಂದು ವಾಯರ್ ಕಟ್ ಮಾಡೂದು ಬೇಕಾಗಿಲ್ಲ. ಸಿಗಲಿಲ್ಲ ಅಂದ್ರ ರಿಲೇ, ಫ್ಯೂಜು, ಸ್ವಿಚ್ಚು ಎಲ್ಲಾ ಕೂಡೇ ಇರೂ ರೆಡಿಮೇಡ್ ಹಾರ್ನೆಸ್ (ವಾಯರಿನ ಸೆಟ್) ಸಿಗ್ತಾವ, ಹೊರಗಿನಾವರ ಕಡೆನ ಹಾಕಿಸ್ರಿ, ಬ್ಯಾಡ ಅನ್ನೂದಿಲ್ಲ, ಆದ್ರ ಮುಂದ ನಿಂತು ಮಾಡಸ್ರಿ. ಸ್ವಿಚ್ಚಿನ ಕರೆಂಟು ಪಾರ್ಕಿಂಗ್ ಲೈಟಿಂದ ತಗೊಳ್ರಿ ಅನ್ರಿ, ಅಂದ್ರ ಲೈಟ್ ಬಂದ್ ಮಾಡಿದ ಕೂಡ್ಲೆ ಫಾಗ್ ಲೈಟೂ ಬಂದ್ ಆಗ್ತಾವ, ಮರತು ಮನಿಗೆ ಹೋಗಿ ಮುಂಜಾನೆ ಬ್ಯಾಟರಿ ಕೂತ್ತು ಅನ್ನೂ ಮಾತಿಲ್ಲ. ಎಂಜಿನ್ ಕಡೆಯಿಂದ ಒಳಗ ವಾಯರ್ ತರಬೇಕಾದ್ರ ಇದ್ದ ರಬ್ಬರ್ ಬುಚ್ಚಿನ್ಯಾಗಿಂದ ತರ್ಲಿ, ತಗಡಿಗೆ ಹೊಸಾ ತೂತು ಹಾಕಿ ಹಂಗ ಎಳದ್ರ ತಗಡಿನ ಅಂಚು ಗಾಡಿ ಕುಣಿದಾಗೊಮ್ಮೆ ವಾಯರಿನ ಸಿಪ್ಪಿ ಕೊರೀತೈತಿ. ಇಲಿ ಕಾಟ ಇದ್ದಾವ್ರು ಸುಕ್ಕು ಸುಕ್ಕು ಪ್ಲಾಸ್ಟಿಕ್ ಪೈಪಿನ್ಯಾಗ ವಾಯರ್ ಹಾಕಸ್ರಿ.

ಕಡೀಕ ಗ್ಯಾರೇಜ್ ಬಿಡೂಕಿಂತ ಮೊದ್ಲ ಸಪಾಟ ನೆಲದ ಮ್ಯಾಲೆ ಗ್ವಾಡಿಗೆ 5 ಮೀಟರ್ ದೂರ ಗಾಡಿ ನಿಂದರಸ್ರಿ, ಫಾಗ್ ಲೈಟಿನ ನಟ್ಟನಡು ಎಷ್ಟು ಎತ್ತರಕ್ಕೈತಿ ಅಷ್ಟಕ್ಕ ಗ್ವಾಡಿ ಮ್ಯಾಲೆ ಸೀಮಿಸುಣ್ಣದ ಗೆರಿ ಎಳೀರಿ. ಬೆಳಕಿನ ಮ್ಯಾಲಿನ ಅಂಚು ಆ ಗೆರಿಗಿಂತ 10 ಸೆಂಟಿಮೀಟರ್ ಕೆಳಗ ಬೀಳಬೇಕು. ಲೈಟಿನ ಹಿಂದ ಇಲ್ಲಾ ಬಾಜೂಕ ಒಂದು ಸ್ಕ್ರೂ ಇರ್ತೈತಿ, ಅದನ್ನ ತಿರುವಿದ್ರ ಮ್ಯಾಲೆ ಕೆಳಗ ಆಗ್ತೈತಿ. ಇದನ್ನ ಮಾಡಿ ಕೊಡಾವ್ರು ಹತ್ತರಾಗ ಒಬ್ರಿಲ್ಲ, ನೀವ ಗಂಟು ಬಿದ್ದು ಮಾಡಸ್ಬೇಕು.

ಇನ್ನೊಂದು ಮಾತು, ಫಾಗ್ ಲೈಟ್ ದೂರದ್ದು ತೋರಸಾಕ ಇರೂವಲ್ಲ. ಮಂಜಿನ್ಯಾಗ ಹೈಬೀಮ್ ಹಚ್ಚಿದ್ರ ಕಣ್ಣಿನ ಮುಂದ ಬಿಳೇ ಪಡದೆ ಬಿಟ್ಟಂಗ ಆಗ್ತೈತಿ, ಯಾಕಂದ್ರ ನೀರಿನ ಹನಿಗೆ ಬಡದ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಬರ್ತೈತಿ. ಫಾಗ್ ಲೈಟು ಕೆಳಗಿರ್ತೈತಿ, ಅಗಲ ಹರಡತೈತಿ, ಮ್ಯಾಲೆ ಹಾರೂದಿಲ್ಲ, ರಸ್ತೆದ ಅಂಚು, ಬಿಳೇ ಪಟ್ಟಿ, ತೆಗ್ಗು ಇಷ್ಟ ಕಾಣ್ತಾವ. ನಿಮ್ಮ ರೋಡಿನ್ಯಾಗ ಕಬ್ಬಿನ ಸೀಜನ್ನಿಗೆ ಹಳಿಯಾಳ ಫ್ಯಾಕ್ಟರಿಗೆ ಹೋಗೂ ಟ್ರ್ಯಾಕ್ಟರ್ ಇರ್ತಾವ, ಎರಡೆರಡು ಟ್ರೇಲರ್, ಹಿಂದ ಲೈಟೂ ಇಲ್ಲ ರೇಡಿಯಮ್ಮೂ ಇಲ್ಲ. 60ರ ಸ್ಪೀಡಿನ್ಯಾಗ ಗಾಡಿ ಒಂದು ಸೆಕೆಂಡಿಗೆ 17 ಮೀಟರ್ ಹೋಗ್ತೈತಿ, ಬ್ರೇಕಿಗೆ ಕಾಲು ಬೀಳೂದರಾಗ ಆ 17 ಮೀಟರ್ ಹೋಗಿಬಿಟ್ಟಿರ್ತೈತಿ. ಫಾಗ್ ಲೈಟ್ ಹಾಕಿಸ್ಕೊಂಡು 60ರಾಗ ಹೋಗೂಕಿಂತ ಇಲ್ಲದ 30ರಾಗ ಹೋಗೂದ ಪಾಡು.

ಹಳದಿ ಬೆಳಕು ಮಂಜನ್ನ ಸೀಳ್ಕೊಂಡು ಹೋಗ್ತದಂತ ಖರೇನಾ? ಮತ್ತ ಇರೋ ಫಾಗ್ ಲೈಟಿಗೆ ಎಲ್ಇಡಿ ಬಲ್ಬ್ ಹಾಕಿದ್ರ ನಡೀತದೇನು? (ಕಾಲೇಜ್ ಲೆಕ್ಚರರ್, ಗದಗ)

ಸರ, ಸೀಳೂದು ಗೀಳೂದು ಏನೂ ಇಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡದಿರ್ತೈತಿ, ಅಷ್ಟು ದೊಡ್ಡ ಹನಿ ಎಲ್ಲಾ ಬಣ್ಣನೂ ಹೆಚ್ಚುಕಡಿಮಿ ಒಂದ ಥರಾ ಚದುರಸ್ತೈತಿ. ಮಂಜು ಆಕಾಶದಂಗ ನೀಲಿ ಕಾಣದ ಬೆಳ್ಳಗ ಕಾಣೂದಕ್ಕ ಕಾರಣನೂ ಇದ. ಆದ್ರೂ ಹಳದಿಯಿಂದ ಲಾಭ ಐತಿ, ಬೆಳಕಿನ್ಯಾಗಿನ ನೀಲಿ ಭಾಗ ತಗದ್ರ ಕಣ್ಣಿಗೆ ಕುಕ್ಕೂದು ಕಡಿಮಿ, ಆರಾಮ ಅನಸ್ತೈತಿ. ಫ್ರಾನ್ಸಿನ್ಯಾಗ 1993ರ ತನಕ ಹೆಡ್‌ಲೈಟನ್ನೂ ಹಳದಿನ ಹಾಕಬೇಕು ಅಂತ ಕಾಯ್ದೆ ಇತ್ತು. ನಿಮಗ ಯಾವ್ದು ಹಿತ ಅನಸ್ತೈತಿ ಅದು ಹಾಕ್ರಿ.

ಎಲ್ಇಡಿದು ಮಾತ್ರ ತಡೀರಿ. ಹ್ಯಾಲೋಜನ್ ಲೈಟಿನ ಒಳಗಿನ ಕನ್ನಡಿ ಇರ್ತೈತಲ್ಲ, ಅದನ್ನ ಫಿಲಮೆಂಟ್ (ಬಲ್ಬಿನೊಳಗಿನ ಕಾಯೂ ತಂತಿ) ಇರೂ ಜಾಗಕ್ಕ ಲೆಕ್ಕಾ ಹಾಕಿ ಬಗ್ಗಿಸಿರ್ತಾರ, ಎಲ್ಇಡಿ ಬಲ್ಬಿನ್ಯಾಗ ಬೆಳಕು ಹುಟ್ಟೂ ಜಾಗನ ಬ್ಯಾರೆ, ಹಿಂಗಾಗಿ ಬೆಳಕು ರಸ್ತೆಗೆ ಬೀಳೂದು ಬಿಟ್ಟು ಎದುರಿನಾವರ ಮಾರಿಗೆ ಬೀಳ್ತೈತಿ. ನಿಮಗ ಗ್ವಾಡಿ ಮ್ಯಾಲೆ ಝಗಝಗ ಕಾಣ್ತೈತಿ, ಮಂಜಿನ್ಯಾಗ ರಸ್ತೆ ಹ್ಯಾಲೋಜನ್‌ಗಿಂತ ಕಡಿಮಿ ಕಾಣ್ತೈತಿ. ಎಲ್ಇಡಿನ ಬೇಕಂದ್ರ ಬಲ್ಬ್ ಬದ್ಲಿ ಮಾಡೂದಲ್ಲ, ಎಲ್ಇಡಿಗೇ ಅಂತ ಮಾಡಿದ ಪೂರಾ ಲೈಟ್ ಹಾಕಸ್ರಿ. 2024ರ ಜುಲೈದಿಂದ ರಾಜ್ಯದಾಗ ಪೊಲೀಸರು ಕಣ್ಣು ಕುಕ್ಕೂ ಎಲ್ಇಡಿ ಗಾಡಿಗಳ ಮ್ಯಾಲೆ ಕೇಸ್ ಹಾಕೂದನ್ನೂ ಚಾಲೂ ಮಾಡ್ಯಾರ.

ಬಲ್ಬ್ ತರಬೇಕಾದ್ರ ನಂಬರ್ ನೋಡ್ಕೊಂಡು ತರ್ರಿ. ಎಚ್8, ಎಚ್11, ಎಚ್16 ಮೂರೂ ನೋಡಾಕ ಅಣ್ಣತಮ್ಮಂದಿರ ಇದ್ದಂಗ, ಆದ್ರ 35, 55, 19 ವ್ಯಾಟ್. ಒಂದರ ಜಾಗದಾಗ ಇನ್ನೊಂದು ಕೂಡಬಾರ್ದು ಅಂತ ಕಂಪನಿಯಾವ್ರು ಒಳಗ ಕಚ್ಚು ಬ್ಯಾರೆ ಬ್ಯಾರೆ ಮಾಡಿರ್ತಾರ, ನಮ್ಮಾವ್ರು ಅರ ತಗೊಂಡು ಆ ಕಚ್ಚು ಉಜ್ಜಿ ಕೂಡಸ್ತಾರ! 19 ವ್ಯಾಟಿನ ಗೂಡಿನ್ಯಾಗ 55 ಹಚ್ಚಿದ್ರ ಪ್ಲಾಸ್ಟಿಕ್ಕು ಹಪ್ಪಳದಂಗ ಸುರುಟತೈತಿ.

ಅಣ್ಣಾರ, ನಂದು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ, ರಾತ್ರಿ ಓಡಾಟ ಭಾಳ. ಎಮ್ಮಿ ಹಂದಿ ಅಡ್ಡ ಬರ್ತಾವಂತ ಮುಂದ ಸ್ಟೀಲ್ ಗಾರ್ಡ್, ಅದರ ಮ್ಯಾಲೆ ಎಲ್ಇಡಿ ಬಾರ್, ಒಂದು ಪ್ರೆಶರ್ ಹಾರ್ನ್ ಹಾಕಸ್ಬೇಕಂತ ಮಾಡೇನಿ. ಯಾವ ಕಂಪನಿದು ಚೊಲೋ? (ಕೆಎ-27 ಗಾಡಿ ಮಾಲಕ)

ತಮ್ಮಾ, ಮೂರೂ ಬ್ಯಾಡ. ಸಿಟ್ಟಾಗಬ್ಯಾಡ, ಒಂದೊಂದ ಹೇಳ್ತೇನಿ.

ಗಾರ್ಡು ಎಮ್ಮಿಯಿಂದ ಬಂಪರ್ ಉಳಸ್ತೈತಿ, ನಿನ್ನ ಉಳಸೂದಿಲ್ಲ. ಗಾಡಿದ ಮುಂದಿನ ಭಾಗ ಡಿಕ್ಕಿ ಆದಾಗ ನುಚ್ಚಾಗಲಿ ಅಂತನ ಮಾಡಿರ್ತಾರ, ಪೆಟ್ಟಿನ ಜೋರೆಲ್ಲಾ ಅಲ್ಲೇ ಹೀರಿಕೊಂಡು ಒಳಗ ಕುಂತಾವಗ ಕಡಿಮಿ ಮುಟ್ಲಿ ಅಂತ. ಗಾರ್ಡನ್ನ ಚಾಸಿಗೆ (ಗಾಡಿದ ಕಬ್ಬಿಣದ ಚೌಕಟ್ಟು) ಬೋಲ್ಟ್ ಹಾಕಿ ಬಿಗದ್ರ ಪೆಟ್ಟು ಸೀದಾ ಚಾಸಿಗೆ ಹೋಗ್ತೈತಿ, ಏರ್‌ಬ್ಯಾಗ್ ಸೆನ್ಸರಿಗೂ ಲೆಕ್ಕಾ ತಪ್ತೈತಿ, ತಡಾ ಮಾಡಿ ಬಿಚ್ಚಬಹುದು. ಅಡ್ಡ ಬಂದ ಮನಶ್ಯಾನ ಗತಿ ಕೇಳೂದ ಬ್ಯಾಡ. 2017ರ ಡಿಸೆಂಬರ್‌ದಾಗ ಕೇಂದ್ರ ಸಾರಿಗೆ ಇಲಾಖೆಯಾವ್ರು ಇದನ್ನ ತಗಸ್ರಿ ಅಂತ ಎಲ್ಲಾ ರಾಜ್ಯಕ್ಕೂ ಪತ್ರ ಬರದಾರ. ಗಾಡಿಯೊಳಗ ಪರವಾನಗಿ ಇಲ್ಲದ ಬದ್ಲಾವಣಿ ಮಾಡಿದ ಮಾಲಕಗ ಮೋಟಾರು ಕಾಯ್ದೆದ 182ಎ ಕಲಮಿನ್ಯಾಗ ಒಂದೊಂದು ಬದ್ಲಾವಣಿಗೆ 5 ಸಾವಿರ ದಂಡ, ಇಲ್ಲಾ 6 ತಿಂಗಳ ತನಕ ಜೇಲು, ಇಲ್ಲಾ ಎರಡೂ. ಸರ್ಚ್ ಲೈಟ್ ಥರದ್ದು ಮುಂದ ಹಾಕಾಕ ಆರ್‌ಟಿಓ ಪರವಾನಗಿ ಬೇಕು, ಕಿರಚೂ ಹಾರ್ನಿಗೆ ಕೇಂದ್ರ ಮೋಟಾರು ವಾಹನ ನಿಯಮ 119 ಅಡ್ಡ ಬರ್ತೈತಿ. "ಎಲ್ಲಾರೂ ಹಾಕ್ಯಾರಲ್ಲ" ಅಂತೀ, ಹೌದು ಹಾಕ್ಯಾರ, ಎಪಿಎಂಸಿ ಮುಂದ ನಿಂತು ಎಣಿಸಿದ್ರ ನೂರು ಸಿಗ್ತಾವ.

ಬದ್ಲಿ ಹೇಳ್ತೇನಿ ಕೇಳು, ಪುಕ್ಕಟೆ. ನೀ ಹಿಂದ ಚೀಲ ಹೇರಿದಾಗ ಗಾಡಿದ ಮೂಗು ಮ್ಯಾಲೆ ಏಳ್ತೈತಿ, ಹೆಡ್‌ಲೈಟ್ ರಸ್ತೆ ಬಿಟ್ಟು ಗಿಡದ ಟೊಂಗಿಗೆ ಹೊಡೀತೈತಿ, ಎದುರಿನಾವ ಕಣ್ಣು ಮುಚ್ಕೊಂಡು ಬೈತಾನ, ನಿನಗೂ ರಸ್ತೆ ಕಾಣೂದಿಲ್ಲ, ನೀ ಬಲ್ಬು ಸಾಲೂದಿಲ್ಲ ಅನ್ಕೋತೀ. ಸ್ಟೇರಿಂಗಿನ ಬಲಗಡೆ ಡ್ಯಾಶ್‌ಬೋರ್ಡಿನ್ಯಾಗ 0, 1, 2, 3 ಬರದ ಸಣ್ಣ ಗಾಲಿ ಇರ್ತೈತಿ ನೋಡು, ಗಾಡಿ ತಗೊಂಡಾಗಿಂದ ಮುಟ್ಟಿರಾಕಿಲ್ಲ ನೀ. ಖಾಲಿ ಇದ್ದಾಗ 0, ಹೇರಿದಾಗ 2 ಇಲ್ಲಾ 3. ಹೆಡ್‌ಲೈಟಿನ ಗಾಜು ಹಳದಿ ಆಗಿದ್ರ ಪಾಲಿಶ್ ಹೊಡಸು.

ನಮ್ಮದು 2016ರ ಕಾರು. ವಿದ್ಯಾನಗರದ ನಮ್ಮ ಓಣಿ ಸಣ್ಣದು, ರಿವರ್ಸ್ ತಗಿಯೂದ ಅಂಜಿಕಿ. ಸೆನ್ಸರ್ ಹಾಕಸ್ಲೋ ಕ್ಯಾಮೆರಾನೋ? ಇನ್ನೊಂದು, ಮಳಿಯಾಗ ಮುಂದಿನ ಗಾಜೆಲ್ಲಾ ಮಂಜು ಹಿಡೀತದ, ಅದಕ್ಕೂ ಫಾಗ್ ಲೈಟ್ ಹಾಕಸ್ಬೇಕಂತ ನಮ್ಮನಿಯವ್ರು ಅಂತಾರ. (ಗೃಹಿಣಿ, ಹುಬ್ಬಳ್ಳಿ)

ಅಕ್ಕಾರ, ನಿಮ್ಮನಿಯವ್ರಿಗೆ ನಮಸ್ಕಾರ ಹೇಳ್ರಿ, ಗಾಜಿನ ಮಂಜಿಗೂ ಫಾಗ್ ಲೈಟಿಗೂ ಸಂಬಂಧ ಇಲ್ರಿ. ಗಾಜಿಗೆ ಬೆರಳು ಹಚ್ಚಿ ಗೆರಿ ಎಳೀರಿ, ಒಳಗಡೆ ಎಳದಾಗ ಗೆರಿ ಮೂಡಿದ್ರ ಮಂಜು ಒಳಗೈತಿ, ನಿಮ್ಮ ಉಸಿರಿಂದು ಒದ್ದಿ ಬಟ್ಟಿದು. ಏಸಿ ಚಾಲೂ ಮಾಡಿ, ಗಾಳಿ ಗಾಜಿನ ಕಡೆ ತಿರುವಿ, ಒಳಗಿನ ಗಾಳಿನ ತಿರಗೂ ಬಟನ್ ಬಂದ್ ಮಾಡಿ ಹೊರಗಿನ ಗಾಳಿ ತಗೊಳ್ರಿ, ಒಂದೆರಡು ನಿಮಿಷದಾಗ ಹೋಗ್ತೈತಿ. ಚಳಿ ಅಂತ ಏಸಿ ಹಚ್ಚದ ಅರಿವೀಲೆ ಒರಸ್ತಾರಲ್ಲ, ಅದ ತಪ್ಪು, ಏಸಿ ಗಾಳಿಯಾಗಿನ ನೀರು ತಗೀತೈತಿ, ಬೇಕಂದ್ರ ಬಿಸಿಗೂ ತಿರುವಿಕೊಳ್ರಿ. ಅದ ಮಂಜು ಹೊರಗಿದ್ರ ಉಲ್ಟಾ, ಏಸಿ ಭಾಳ ತಂಪಾಗಿ ಗಾಜು ತಣ್ಣಗಾಗೇತಿ, ಆವಾಗ ವೈಪರ್ ಒಮ್ಮೆ ಹೊಡದು ತಂಪು ಕಡಿಮಿ ಮಾಡ್ರಿ.

ಹಿಂದಿಂದಕ್ಕ ಸೆನ್ಸರು ಕ್ಯಾಮೆರಾ ಎರಡೂ ಹಾಕಸ್ರಿ, ಒಂದ ಆಗ್ಲಿ ಅಂದ್ರ ಕ್ಯಾಮೆರಾ. 2019ರ ಜುಲೈ 1ರಿಂದ ಹೊಸಾ ಕಾರಿಗೆಲ್ಲಾ ಹಿಂದಿನ ಸೆನ್ಸರ್ ಕಡ್ಡಾಯ ಆಗೇತಿ, ನಿಮ್ಮದು ಅದರ ಮೊದಲಿಂದು. ಸೆನ್ಸರ್ ಅಂದ್ರ ಬಾವಲಿ ಆಟ, ಶಬ್ದ ಬಿಟ್ಟು ತಿರುಗಿ ಬಂದದ್ದು ಕೇಳ್ತೈತಿ, ಗ್ವಾಡಿ, ಕಾರು ಚೊಲೋ ಹಿಡೀತೈತಿ, ಸಣ್ಣ ಸರಳು, ತಂತಿ ಬೇಲಿ ಹಿಡಿಯೂದಿಲ್ಲ. ಓಣಿಯಾಗ ಆಡೂ ಹುಡುಗೂರಂತೂ ಬಂಪರಿಗಿಂತ ಕೆಳಗ ಕುಂತಿರ್ತಾವ, ಅದಕ್ಕ ಕ್ಯಾಮೆರಾ. ಕರೆಂಟು ರಿವರ್ಸ್ ಲೈಟಿಂದ ತಗೊಂಡ್ರ ಸಾಕು, ಇದರ ಭಾರ ಭಾಳ ಸಣ್ಣದು, ರಿಲೇ ಬೇಕಾಗಿಲ್ಲ. ಹೊಸಾ ಸೀಟ್ ಕವರ್ ಹಾಕಸಾವ್ರಿದ್ರ ಸೀಟಿನ ಬಾಜೂಕ ಏರ್‌ಬ್ಯಾಗ್ ಅಂತ ಬರದ ಚೀಟಿ ಐತೇನು ನೋಡ್ರಿ, ಇದ್ರ ಮಾಮೂಲಿ ಕವರ್ ಹಾಕಬ್ಯಾಡ್ರಿ. ಕರೀ ಫಿಲ್ಮ್ ಬಗ್ಗೆ ನೀವು ಕೇಳಿಲ್ಲ, ಕೇಳೂಕಿಂತ ಮೊದ್ಲ ಹೇಳ್ತೇನಿ, 2012ರಾಗ ಸುಪ್ರೀಂ ಕೋರ್ಟ್ ಬ್ಯಾಡ ಅಂದೈತಿ.

ಹೊಸಾ ಸ್ಕೋಡಾ ತಗೊಂಡೀನಿ. ಟಾಪ್ ಮಾಡೆಲ್ ಫೀಚರ್ ಎಲ್ಲಾ ಲ್ಯಾಪ್‌ಟಾಪ್ ಹಚ್ಚಿ ಚಾಲೂ ಮಾಡ್ತಾರಂತ, ಖರೇನಾ? (ರಾಣೇಬೆನ್ನೂರು)

ಅರ್ಧಾ ಖರೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಯಾಗ ಫಾಗ್ ಲೈಟ್ ಕೂಡಿಸಿದ್ರೂ ಗಾಡಿದ ಕಂಪ್ಯೂಟರಿಗೆ "ಇಂಥಾದ್ದು ಬಂದೈತಿ" ಅಂತ ಹೇಳಬೇಕಾಗ್ತೈತಿ, ಅದಕ್ಕ ಕೋಡಿಂಗ್ ಅಂತಾರ, ಸ್ಟೇರಿಂಗಿನ ಕೆಳಗಿನ ಓಬಿಡಿ ಕಿಂಡಿಗೆ (ಗ್ಯಾರೇಜಿನಾವ್ರು ಗಾಡಿದ ಕಂಪ್ಯೂಟರ್ ತಪಾಸೂ ಜಾಗ) ಲ್ಯಾಪ್‌ಟಾಪ್ ಹಚ್ಚಿ ಮಾಡ್ತಾರ. ತಿರುವಿದ ಕಡೆ ಒಂದ ಫಾಗ್ ಲೈಟ್ ಹತ್ತೂದು ಇಂಥಾವೆಲ್ಲಾ ಕೋಡಿಂಗಿನಿಂದ ಬರ್ತಾವ. ಆದ್ರ ಇಲ್ಲದ ಸಾಮಾನು ಲ್ಯಾಪ್‌ಟಾಪಿಂದ ಹುಟ್ಟೂದಿಲ್ಲ. ಮಾಡಿಸೂಕಿಂತ ಮೊದ್ಲ ಹಳೇ ಕೋಡಿಂಗಿನ ಫೋಟೋ ಹೊಡಕೊಂಡು ಇಟ್ಕೊಳ್ರಿ, ವಾರಂಟಿ ಇರೂತನಕ ವಾಯರ್ ಕಟ್ ಮಾಡಾಕ ಯಾರಿಗೂ ಕೊಡಬ್ಯಾಡ್ರಿ.

ಹೊರಗ ಹಾಕಿಸಿದ ಲೈಟು, ಹಾಡಿನ ಟೇಪಿಗೆ ಇನ್ಶೂರನ್ಸ್ ಬರ್ತೈತೇನು? (ನವಲಗುಂದ)

ಹೇಳಿದ್ರ ಬರ್ತೈತಿ, ಹೇಳದಿದ್ರ ಇಲ್ಲ. ಬಿಲ್ಲು ಕೊಟ್ಟು ಪಾಲಿಸಿಯಾಗ ಬರಿಸ್ರಿ, ಎಲೆಕ್ಟ್ರಿಕಲ್ ಸಾಮಾನಿಗೆ ಅದರ ಕಿಮ್ಮತ್ತಿನ 4 ಪರ್ಸೆಂಟ್ ಪ್ರೀಮಿಯಂ, ಅಂದ್ರ 7 ಸಾವಿರದ ಕಿಟ್‌ಗೆ 280 ರೂಪಾಯಿ ಮತ್ತ ಟ್ಯಾಕ್ಸು. ಬಿಲ್ಲಿಲ್ಲದ ಹಾಕಿಸಿದಾವ್ರಿಗೆ ಇಲ್ಲಿ ದಾರಿ ಬಂದ್.

ಹಿಂದಿನ ಕೆಂಪು ಫಾಗ್ ಲೈಟ್ ಚಂದ ಕಾಣ್ತೈತಿ, ದಿನಾ ರಾತ್ರಿ ಹಚ್ಚಬಹುದೇನು? (ಲಕ್ಷ್ಮೇಶ್ವರ)

ಬ್ಯಾಡ್ರಿ. ಅದು ಬ್ರೇಕ್ ಲೈಟಿನಷ್ಟು ಜೋರ ಇರ್ತೈತಿ, ದಟ್ಟ ಮಂಜಿನ್ಯಾಗ ಹಿಂದಿನ ಗಾಡಿಗೆ ನೀವಿದ್ದೀರಿ ಅಂತ ತೋರಸಾಕ ಇರೂದು. ಮಂಜಿಲ್ಲದ ರಾತ್ರಿ ಹಚ್ಚಿ ಹೊಂಟ್ರ ಹಿಂದಿನಾವ ಬ್ರೇಕ್ ಹೊಡದೀರಿ ಅಂತ ತಿಳೀತಾನ, ಖರೇ ಬ್ರೇಕ್ ಹೊಡದಾಗ ಅವಗ ಗೊತ್ತಾಗೂದಿಲ್ಲ. ಗದಗ ರೋಡಿನ್ಯಾಗ ಮೊನ್ನೆ ಹಿಂಗ ಒಬ್ಬಾವ ನನ್ನ ಮುಂದ 20 ಕಿಲೋಮೀಟರ್ ಹೋದ, ನೀವಲ್ಲ ತಾನೇ?